ಒಣ ದಿನದ ದಾರಿ

ನಮ್ಮ ಡ್ರೆಂಥೆ ಪ್ರಾಂತ್ಯದ ರಸ್ತೆಗಳೆಲ್ಲ ನನಗೆ ಬಾಯಿಪಾಠ. ಕಣ್ಣಿಗೆ ಬಟ್ಟೆ ಕಟ್ಟಿ ಯಾವ ದಾರಿಯ ಪಕ್ಕದಲ್ಲಿ ಬೇಕಾದರೂ ಕೂರಿಸಿ, ಬರುತ್ತಿರುವುದು ಹಾಲಿನ ಲಾರಿಯೋ, ಅಂಚೆಯ ವ್ಯಾನೋ, ಪಾದ್ರಿಯ ಕಾರೋ, ಯಾವ ಗೇರಿನಲ್ಲಿದೆ, ಡ್ರೈವರು ಬೆಳಿಗ್ಗೆ ಹೆಂಡತಿಯ ಜೊತೆ ಜಗಳವಾಡಿ ಹೊರಟನೋ ಇಲ್ಲವೋ, ಎಲ್ಲವನ್ನೂ ಕಿವಿಯಲ್ಲೇ ಹೇಳಿಬಿಡುತ್ತೇನೆ. ಇದರಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಅನ್ನುವುದು ಆಮೇಲೆ ನಿಮಗೇ ತಿಳಿಯುತ್ತದೆ.

ಕೂತುಕೊಳ್ಳಿ. ಬೆಂಚು ಗಟ್ಟಿಯಾಗಿದೆ, ನನ್ನ ಗಂಡ ರೂಲ್ಫ್ ಮಾಡಿದ್ದು. ಮಕ್ಕಳು ಸೈಕಲ್‌ಗಳನ್ನು ಬೇಲಿಗೆ ಒರಗಿಸಲಿ. ಆಮ್‌ಸ್ಟರ್‌ಡಾಮಿನವರು ಅಂತ ನಿಮ್ಮ ಬಿಗಿ ಚಡ್ಡಿ ನೋಡಿಯೇ ಗೊತ್ತಾಯಿತು, ಹೇಳಬೇಕಾಗಿರಲಿಲ್ಲ. "ಅಜ್ಜೀ, ವಾಹನಗಳ ಕಾಟ ಇಲ್ಲದ ದಾರಿ ಯಾವುದು, ಮಕ್ಕಳಿದ್ದಾರೆ" ಎಂದು ಈ ವಾರ ಕೇಳಿದವರಲ್ಲಿ ನೀವು ಮೂರನೆಯವರು. ಹೇಳುತ್ತೇನೆ. ಆದರೆ ಈಗೀಗ ನಾನು ದಾರಿ ಹೇಳುವ ಮೊದಲು ಆಕಾಶ ನೋಡುತ್ತೇನೆ. ಯಾಕೆ ಅನ್ನುವುದನ್ನು ಕಾಫಿ ಮುಗಿಯುವುದರೊಳಗೆ ಹೇಳಿ ಮುಗಿಸುತ್ತೇನೆ. ಬಿಸ್ಕತ್ತು ಒಬ್ಬರಿಗೆ ಒಂದೇ. ಡಬ್ಬ ಮುಚ್ಚಿದ್ದೇನೆ, ನೋಡಬೇಡಿ.

ಹೋದ ಬೇಸಿಗೆಯ ಮಾತು. ಈ ಬೀದಿಯಲ್ಲೇ ನಾಲ್ಕು ಮನೆ ಆಚೆ ನನ್ನ ಮಗ ಹಾರ್ಮ್, ಸೊಸೆ ಮಾರ್ಗ್ರೀತ್, ಅವರ ಒಬ್ಬಳೇ ಮಗಳು ಫೆನ್ನಾ ಇದ್ದಾರೆ. ಫೆನ್ನಾಳಿಗೆ ಆಗ ಹನ್ನೆರಡು. ಅದರ ಹಿಂದಿನ ಅಕ್ಟೋಬರಿನಲ್ಲಿ ಈಜು ಮುಗಿಸಿಕೊಂಡು ಬರುವಾಗ ಒಂದು ಪಾರ್ಸೆಲ್ ವ್ಯಾನಿನ ಕನ್ನಡಿ ಅವಳ ಹ್ಯಾಂಡಲ್ಲಿಗೆ ಬಡಿದು, ಹುಡುಗಿ ಸೈಕಲ್ ಸಮೇತ ಕಾಲುವೆಗೆ ಬಿದ್ದಿದ್ದಳು. ಹೆಗಲಿನ ಎಲುಬು ಮುರಿದಿತ್ತು. ಎಲುಬು ಆರು ವಾರಕ್ಕೆ ಕೂಡಿಕೊಂಡಿತು, ಸೈಕಲ್ಲಿಗೆ ಹೊಸ ಚಕ್ರ ಬಂತು, ಹುಡುಗಿ ಮಾತ್ರ ಸೈಕಲ್ ಹತ್ತಲಿಲ್ಲ. ಅಂಗಳದಲ್ಲಿ ಹತ್ತುವಳು, ಗೇಟಿನ ತನಕ ಹೋಗುವಳು. ಅಷ್ಟರಲ್ಲಿ ಎಲ್ಲೋ ದೂರದಲ್ಲಿ ಎಂಜಿನ್ನು ಗುರ್ ಎಂದರೆ ಸಾಕು, ಇಳಿದು ತಳ್ಳಿಕೊಂಡು ವಾಪಸು ಬರುವಳು.

ನಮ್ಮಲ್ಲಿ ಮಕ್ಕಳು ನಡೆಯುವುದಕ್ಕೆ ಮೊದಲು ಪೆಡಲು ತುಳಿಯುತ್ತವೆ. ಹಾರ್ಮ್ ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆಯೇ ಹುಟ್ಟಬೇಕಾಗಿತ್ತು, ಆಸ್ಪತ್ರೆ ಐದು ನಿಮಿಷ ಮೊದಲೇ ಸಿಕ್ಕಿತು ಅಷ್ಟೇ. ಇಂಥ ಊರಿನಲ್ಲಿ ಸೈಕಲ್ ತುಳಿಯದ ಹುಡುಗಿ ಏನು ಮಾಡಬೇಕು? ಸೆಪ್ಟೆಂಬರಿನಿಂದ ಅವಳಿಗೆ ಪೇಟೆಯ ದೊಡ್ಡ ಶಾಲೆ. ಹನ್ನೊಂದು ಕಿಲೋಮೀಟರ್. ಬಸ್ಸಿಲ್ಲ. ಹಾರ್ಮ್‌ಗೂ ಮಾರ್ಗ್ರೀತ್‌ಗೂ ಬೆಳಗಿನ ಪಾಳಿ. ಊರಿನ ಮಕ್ಕಳೆಲ್ಲ ಬೆಳಿಗ್ಗೆ ಏಳು ಗಂಟೆಗೆ ಗುಂಪಾಗಿ ಸೈಕಲ್ಲಿನಲ್ಲಿ ಹೊರಡುತ್ತಾರೆ. ಇವಳು ಹೊರಡದಿದ್ದರೆ ವಾರವೆಲ್ಲ ಖ್ರೊನಿಂಗೆನ್ ಪಟ್ಟಣದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಅಲ್ಲಿನ ಶಾಲೆಗೆ ಹೋಗಬೇಕು. ಚಿಕ್ಕಮ್ಮ ಒಳ್ಳೆಯವಳೇ. ಆದರೆ ಆ ಮಾತು ಬಂದಾಗಲೆಲ್ಲ ಫೆನ್ನಾ ಊಟ ಬಿಟ್ಟು ಎದ್ದು ಹೋಗುತ್ತಿದ್ದಳು.

ಜೂನಿನಲ್ಲಿ ಒಂದು ದಿನ ಮೂವರೂ ನನ್ನ ಅಡುಗೆಮನೆಗೆ ಬಂದರು.

"ಅಮ್ಮ, ಜುಲೈನಲ್ಲಿ ಐದು ದಿನ ರಜಾ ಹಾಕಿದೀವಿ," ಎಂದ ಹಾರ್ಮ್. "ಸೈಕಲ್ ಪ್ರವಾಸ. ಡೇರೆ ಹಾಕ್ಕೊಂಡು ಮಲಗೋದು. ದಾರಿ ಮಾತ್ರ ಖಾಲಿ ಇರ್ಬೇಕು. ನೀನೇ ಹುಡುಕಿ ಕೊಡು."

"ಖಾಲಿ ಅಂದ್ರೆ ಎಷ್ಟು ಖಾಲಿ?"

"ಈಗಿನ ಕಾಲದ ಭಾನುವಾರದ ಚರ್ಚಿನಷ್ಟು. ಯಾರೂ ಹೋಗಲ್ವಲ್ಲ."

ಫೆನ್ನಾ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ನಿಂತಿದ್ದಳು. "ಓಮಾನೂ ಬಂದ್ರೆ ನಾನು ಬರ್ತೀನಿ," ಎಂದಳು ಈ ಅಜ್ಜಿಯನ್ನು ನೋಡಿ. "ಓಮಾ ಮುಂದೆ, ನಾನು ಹಿಂದೆ."

"ಎಪ್ಪತ್ತೆಂಟು ವರ್ಷದ ಮುದುಕಿ ಯಾಕೆ ಮುಂದೆ?" ಎಂದೆ.

"ನಿನಗಿಂತ ನಿಧಾನ ಹೋಗೋರು ಯಾರೂ ಇಲ್ಲ. ಬಸವನಹುಳ ಬೆಲ್ ಹೊಡೆದು ನಿನ್ನನ್ನ ದಾಟಿ ಹೋಗುತ್ತೆ."

"ಹಾಗಾದ್ರೆ ಕೇಳು," ಎಂದೆ ನಾನು. ನನ್ನ ಬಾಯಿ ನನ್ನ ಮಾತು ಯಾವತ್ತು ಕೇಳಿದೆ? "ಐದು ದಿನದಲ್ಲಿ ಐದೇ ಗಾಡಿ. ಆರನೇದು ಬಂತು ಅಂದ್ರೆ ನನ್ನ ಹಲ್ಲಿನ ಸೆಟ್ಟು ಬಿಚ್ಚಿ ನಿನ್ನ ಕೈಗೆ ಕೊಡ್ತೀನಿ."

"ಮೇಲಿಂದೋ ಕೆಳಗಿಂದೋ?"

"ಎರಡೂ."

ಅಕ್ಟೋಬರಿನಿಂದ ಈಚೆಗೆ ಅವಳು ನಕ್ಕಿದ್ದು ಅದೇ ಮೊದಲು. ಆ ನಗು ನೋಡಿ ನಾನು ಸಿಕ್ಕಿಹಾಕಿಕೊಂಡೆ.

ಹಾರ್ಮ್ ತನ್ನ ಫೋನಿನಲ್ಲಿ ನಕ್ಷೆ ತೆರೆದು ಕೊಟ್ಟ. ನಾನು ಬೆರಳಿಟ್ಟರೆ ಊರೇ ಜಾರಿ ಓಡಿಹೋಗುತ್ತಿತ್ತು. ಹದಿಮೂರಕ್ಕೆ ಶಾಲೆ ಬಿಟ್ಟು ಹಾಲು ಕರೆಯಲು ಹೋದವಳು ನಾನು, ನಕ್ಷೆ ನನಗೆ ಒಗ್ಗದು. ಆದರೆ ಅಂಕಿ ಓದಲು ಬರುತ್ತದೆ. ನೀವೂ ನೋಡಿರುತ್ತೀರಿ, ನಮ್ಮ ಸೈಕಲ್ ದಾರಿಗಳಲ್ಲಿ ಕವಲಿಗೊಂದು ಕಂಬ, ಕಂಬಕ್ಕೊಂದು ಅಂಕಿ. ನಲವತ್ತೊಂದರಿಂದ ಹದಿನೇಳಕ್ಕೆ, ಹದಿನೇಳರಿಂದ ಅರವತ್ತಮೂರಕ್ಕೆ ಎಂದು ಒಂದು ಕಾಗದದ ಚೂರಿನಲ್ಲಿ ಬರೆದು ಹ್ಯಾಂಡಲ್ಲಿಗೆ ಅಂಟಿಸಿಕೊಂಡರೆ ಮುಗಿಯಿತು. ಆ ಕಾಗದ ಬರೆಯುವ ಮೊದಲು ಒಂದೊಂದು ದಾರಿಯನ್ನೂ ನಾನೇ ಹೋಗಿ ನೋಡಿಬರಬೇಕು ಎಂದುಕೊಂಡೆ.

ಹನ್ನೆರಡು ದಿನ ತಿರುಗಿದೆ. ಆಯಿತು, ಎಂಟು ದಿನ. ಎಂಟೂ ದಿನ ಮಳೆ. ಆ ಸಲದ ಬೇಸಿಗೆ ನಿಮಗೂ ನೆನಪಿರಬೇಕು, ನನ್ನ ಸೈಕಲ್ಲಿನ ಕಡ್ಡಿಗಳ ನಡುವೆ ಮೀನು ಸಿಕ್ಕಿಕೊಂಡರೆ ಆಶ್ಚರ್ಯಪಡುವಂತಿರಲಿಲ್ಲ. ಬಲಗಡೆಯ ಜೇಬು ಖಾಲಿ ಬಿಟ್ಟು ಎಡಗಡೆಯ ಜೇಬಿನಲ್ಲಿ ಒಂದು ಹಿಡಿ ಹುರುಳಿಕಾಯಿ ಬೀಜ ಹಾಕಿಕೊಂಡು ಹೊರಡುತ್ತಿದ್ದೆ. ದಾರಿಯಲ್ಲಿ ಒಂದು ಗಾಡಿ ಎದುರಾದರೆ ಒಂದು ಬೀಜ ಎಡದಿಂದ ಬಲಕ್ಕೆ. ಸಂಜೆ ಮನೆಗೆ ಬಂದು ಒದ್ದೆ ಕೋಟನ್ನು ಒಲೆಯ ಹತ್ತಿರ ನೇತುಹಾಕಿ, ಕುರ್ಚಿಯಲ್ಲಿ ಕೂತು, ಬೂಟು ಬಿಚ್ಚಲೂ ಶಕ್ತಿಯಿಲ್ಲದೆ ಹಾಗೇ ಒರಗುತ್ತಿದ್ದೆ. ಮಾರ್ಗ್ರೀತ್ ಬಂದು ಬಿಚ್ಚುತ್ತಿದ್ದಳು.

"ಸಾಕು ಮಾಡಿ ಅತ್ತೆ. ನಿಮ್ಮ ಮಂಡಿ ನೋಡಿ, ಎಲೆಕೋಸಿನ ಹಾಗೆ ಊದಿದೆ."

"ಇನ್ನೆರಡು ದಾರಿ ಉಳಿದಿದೆ."

"ಯಾವುದಾದ್ರೂ ಒಂದು ಆರಿಸಿಬಿಡಿ."

"ಯಾವುದಾದ್ರೂ ಒಂದರಲ್ಲೇ ಅವಳು ಕಾಲುವೆಗೆ ಬಿದ್ದಿದ್ದು," ಎಂದೆ. ಅವಳು ಇನ್ನೊಂದು ಬೂಟನ್ನೂ ಎಳೆದಳು.

ಎಂಟು ದಿನಕ್ಕೆ ಬಲಗಡೆಯ ಜೇಬಿನಲ್ಲಿ ಏಳು ಬೀಜ ಸೇರಿದ್ದವು. ಅದರಲ್ಲಿ ಒಂದು ಅಂಚೆಯ ವ್ಯಾನು, ಇನ್ನೊಂದು ಅದೇ ವ್ಯಾನು ತಿರುಗಿ ಬಂದದ್ದು, ಮತ್ತೊಂದು ಹೆಣದ ಗಾಡಿ, ಅದೂ ಖಾಲಿ. ಎಲ್ಲಕ್ಕಿಂತ ಒಳ್ಳೆಯ ದಾರಿ ಮೊದಲ ದಿನದ ಕೊನೆಯದು, ಅರವತ್ತಮೂರನೇ ಕಂಬದಿಂದ ಕಾಡಿನಂಚಿನ ಡೇರೆಯ ಜಾಗದವರೆಗೆ ನಾಲ್ಕು ಕಿಲೋಮೀಟರ್. ಇಟ್ಟಿಗೆ ಹಾಸಿದ ಕಿರಿದಾದ ರಸ್ತೆ, ಎರಡೂ ಕಡೆ ಓಕ್ ಮರ, ಅದರಾಚೆ ಸೊಂಟದೆತ್ತರದ ಹುಲ್ಲುಗಾವಲು. ಅಲ್ಲಿ ಎರಡು ಸಲ ಹೋಗಿದ್ದೆ. ಎರಡು ಸಲವೂ ಒಂದು ಬೀಜವೂ ಜೇಬು ಬದಲಿಸಲಿಲ್ಲ. ಮೊದಲ ದಿನ ಈ ರಸ್ತೆಯಲ್ಲಿ ಹುಡುಗಿಗೆ ಧೈರ್ಯ ಬಂದರೆ ಉಳಿದ ನಾಲ್ಕು ದಿನ ತಾನಾಗಿ ಸಾಗುತ್ತದೆ ಎಂದು ಲೆಕ್ಕ ಹಾಕಿದ್ದೆ.

ಹೊರಡುವ ದಿನ ಬೆಳಿಗ್ಗೆ ಕಿಟಕಿ ತೆರೆದರೆ ಬಿಸಿಲು! ಎರಡು ವಾರದ ಮಳೆ ನಿಂತು ಆಕಾಶ ತೊಳೆದ ತಟ್ಟೆಯಂತಿತ್ತು. ಗಾಳಿ ಒಣಗಿತ್ತು. ಬೀದಿಯವರೆಲ್ಲ, "ಏನು ಅದೃಷ್ಟ ಹಿಲ್ಲಿ, ನಿಮಗೋಸ್ಕರವೇ ಬಿಸಿಲು ಬಂದಿದೆ" ಎಂದರು. ನಾನೇ ಮೋಡಗಳಿಗೆ ಹೇಳಿ ಕಳಿಸಿದವಳಂತೆ ತಲೆ ಆಡಿಸಿದೆ.

ಮಾರ್ಗ್ರೀತ್ ಎಲ್ಲರ ಫೋನೂ ಕಸಿದು ಬಿಸ್ಕತ್ತಿನ ಡಬ್ಬದಲ್ಲಿ ಹಾಕಿ ತನ್ನ ಚೀಲಕ್ಕೆ ಸೇರಿಸಿದಳು. ರಜೆ ಅಂದರೆ ರಜೆ. ಹೀಗೆ ಹೊರಟೆವು. ಫೆನ್ನಾ ನನ್ನ ಹಿಂದೆ. ಮೊದಲ ಮೂರು ಕಿಲೋಮೀಟರ್ ಅವಳ ಉಸಿರು ನನ್ನ ಬೆನ್ನಿಗೆ ಕೇಳಿಸುತ್ತಿತ್ತು. ಆಮೇಲೆ ಕಡಿಮೆಯಾಯಿತು. ಮಧ್ಯಾಹ್ನದ ಹೊತ್ತಿಗೆ ಅವಳು ಒಂದು ಕೈ ಬಿಟ್ಟು ಮೂಗು ತುರಿಸಿಕೊಂಡಳು. ಅದನ್ನು ನೋಡಿ ಹಾರ್ಮ್ ಮರಕ್ಕೆ ಢಿಕ್ಕಿ ಹೊಡೆಯುವುದರಲ್ಲಿದ್ದ.

ನನಗೆ ಮಾತ್ರ ಎದುರುಗಾಳಿ ಹಣ್ಣುಗಾಯಿ ಮಾಡುತ್ತಿತ್ತು. ಎಂಟು ದಿನದ ಸುಸ್ತು ಮಂಡಿಯಲ್ಲಿ ಹಾಗೇ ಕೂತಿತ್ತು. ಪ್ರತಿ ಐದು ಕಿಲೋಮೀಟರಿಗೊಮ್ಮೆ, "ಸತ್ತೆ! ನಾನು ಸತ್ತೆ, ಇಲ್ಲೇ ಹೂತುಬಿಡಿ" ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ನಾನು ದಿನಕ್ಕೆ ಮೂರು ಸಲ ಸಾಯುವವಳು, ನಂಬುವವರು ಯಾರು?

ಅರವತ್ತಮೂರನೇ ಕಂಬದ ಹತ್ತಿರ ಫೆನ್ನಾ ನಿಂತಳು. "ಓಮಾ, ಅಪ್ಪನ್ನ ಮುಂದೆ ಕಳಿಸು. ನಿಮಿಷಕ್ಕೊಂದು ಸಲ ತಿರುಗಿ ನೋಡ್ತಾನೆ. ಆಗೆಲ್ಲ ನನ್ನ ಸೈಕಲ್ ಓಲಾಡುತ್ತೆ."

"ಇದೇ ಖಾಲಿ ದಾರಿ," ಎಂದೆ ನಾನು ಹಾರ್ಮ್‌ಗೆ. "ಇಲ್ಲಿ ಬೆಕ್ಕೂ ದಾಟಲ್ಲ. ನೀವಿಬ್ರೂ ಹೋಗಿ ಡೇರೆ ಹಾಕಿ, ನಾವು ಬಸವನಹುಳದ ಜೊತೆ ಬರ್ತೀವಿ."

ಅವರು ಹೋದರು. ನಾವು ಮರದ ನೆರಳಿಗೆ ತಿರುಗಿ ಒಂದು ಕಿಲೋಮೀಟರ್ ಕೂಡ ಹೋಗಿರಲಿಲ್ಲ, ನೆಲದೊಳಗಿಂದ ಒಂದು ಗುಂಯ್ ಎನ್ನುವ ಸದ್ದು ಬಂತು. ಕಿವಿಗೆ ಮೊದಲು ಗೊತ್ತಾಯಿತು, ತಲೆಗೆ ಆಮೇಲೆ.

ಟ್ರ್ಯಾಕ್ಟರು. ಒಂದಲ್ಲ. ಆಳೆತ್ತರದ ಚಕ್ರ, ಹಿಂದೆ ಮನೆಯಷ್ಟು ದೊಡ್ಡ ಹುಲ್ಲಿನ ಡಬ್ಬ. ಒಂದರ ಹಿಂದೊಂದು, ರಸ್ತೆಯ ಅಗಲಕ್ಕೂ ತುಂಬಿಕೊಂಡು ಬಂದವು. ಹುಲ್ಲು ಕೊಯ್ಯುವ ಬಾಡಿಗೆ ಟ್ರ್ಯಾಕ್ಟರಿನವರು. ಫೆನ್ನಾ ಸೈಕಲ್ ಎಸೆದು ಒಂದು ಓಕ್ ಮರವನ್ನು ತಬ್ಬಿಕೊಂಡಳು. ನಾನು ನನ್ನ ಸೈಕಲ್ಲಿನಿಂದ ಇಳಿದೆನೋ ಬಿದ್ದೆನೋ, ಅಂತೂ ಹುಲ್ಲಿನ ಮೇಲಿದ್ದೆ. ಆರು ಗಾಡಿ ಆ ಕಡೆ ಹೋದವು. ಐದು ನಿಮಿಷ ಬಿಟ್ಟು, ಹುಲ್ಲು ತುಂಬಿಕೊಂಡ ನಾಲ್ಕು ಈ ಕಡೆ ಬಂದವು. ಮರದ ಎಲೆಗಳೆಲ್ಲ ನಡುಗಿದವು.

ನನ್ನ ತಪ್ಪು ಏನು ಗೊತ್ತೇ? ಎಂಟು ದಿನ ಮಳೆಯಲ್ಲಿ ರಸ್ತೆ ಎಣಿಸಿದ್ದೆ. ಮಳೆಯಲ್ಲಿ ಯಾರೂ ಹುಲ್ಲು ಕೊಯ್ಯುವುದಿಲ್ಲ. ಮಳೆ ನಿಂತು ಮೊದಲ ಒಣ ದಿನ ಬಂತೆಂದರೆ ಜಿಲ್ಲೆಯ ಹುಲ್ಲೆಲ್ಲ ಒಂದೇ ದಿನ ಕೊಯ್ದು, ತುಂಬಿ, ಚಳಿಗಾಲದ ಮೇವಿಗೆಂದು ಅದುಮಿ, ಮೇಲೆ ಕರಿ ಹಾಳೆ ಹೊದಿಸಬೇಕು. ಆಗ ಎಲ್ಲಕ್ಕಿಂತ ಖಾಲಿಯಿದ್ದ ದಾರಿಯೇ ಎಲ್ಲಕ್ಕಿಂತ ಗದ್ದಲದ ದಾರಿ. ಇದು ಹಸುಗೂಸಿಗೂ ಗೊತ್ತು. ನನಗಂತೂ ಗೊತ್ತೇ ಇರಬೇಕಿತ್ತು. ರೂಲ್ಫ್ ನಲವತ್ತೊಂದು ವರ್ಷ ಬಾಡಿಗೆ ಟ್ರ್ಯಾಕ್ಟರ್ ಓಡಿಸಿದವನು. ಬೆಳಿಗ್ಗೆ ಕಿಟಕಿ ತೆರೆದು ಮೂಗಿನಲ್ಲಿ ಗಾಳಿ ಎಳೆದು, "ಇವತ್ತು ಒಣ ದಿನ ಹಿಲ್ಲಿ" ಎಂದನೆಂದರೆ ನಾನು ಫ್ಲಾಸ್ಕಿನಲ್ಲಿ ಕಾಫಿ, ಡಬ್ಬದಲ್ಲಿ ಹನ್ನೆರಡು ತುಂಡು ಬ್ರೆಡ್ಡು ಕಟ್ಟಿಕೊಂಡು ಹೊಲದ ಅಂಚಿಗೆ ಹೋಗಿ ನಿಲ್ಲುತ್ತಿದ್ದೆ. ಅವನು ಹೋಗಿ ಆರು ವರ್ಷ. ಈಗ ಬಿಸಿಲು ಬಂದರೆ ಬಟ್ಟೆ ಒಣಗುತ್ತದೆ, ಅಷ್ಟೇ. ಆ ಬೆಳಿಗ್ಗೆ ಕಿಟಕಿ ತೆರೆದಾಗ ಹುಲ್ಲಿನ ನೆನಪೇ ಬರಲಿಲ್ಲ. ಅದನ್ನು ಯೋಚಿಸಿದಾಗ ಮೈಯಲ್ಲಿ ಉಳಿದಿದ್ದ ಒಂದಿಷ್ಟು ತ್ರಾಣವೂ ಇಳಿದುಹೋಯಿತು.

ಫೆನ್ನಾ ಮರ ಬಿಟ್ಟು ಬಂದು ನನ್ನ ಮುಂದೆ ನಿಂತಳು. ಮುಖ ಹಾಲಿನಷ್ಟು ಬಿಳಿ. ಅಂಗೈ ಚಾಚಿದಳು.

"ಹಲ್ಲು."

"ಏನು?"

"ಹತ್ತು ಗಾಡಿ ಆಯ್ತು ಓಮಾ. ಐದಲ್ಲ. ಕೊಡು."

ತಮಾಷೆಯಲ್ಲ, ಅವಳಿಗೆ ಸಿಟ್ಟು ಬಂದಿತ್ತು. ನಾನು ಆ ಕಡೆ ತಿರುಗಿ ಮೇಲಿನದು, ಕೆಳಗಿನದು ಎರಡನ್ನೂ ತೆಗೆದು ಕರ್ಚೀಫಿನಲ್ಲಿಟ್ಟು ಕೊಟ್ಟೆ.

"ಥೂ! ಒದ್ದೆ ಇದೆ!" ಎಂದಳು. ಅಳುವಿನ ನಡುವೆಯೇ ಏನೋ ಒಂದು ನಗು ಸಿಡಿಯಿತು. ಕರ್ಚೀಫನ್ನು ಗಂಟು ಹಾಕಿ ಜೇಬಿಗೆ ಇಳಿಸಿದಳು. "ಏಳು. ಮನೆಗೆ ಹೋಗೋಣ."

ಏಳಲು ನೋಡಿದೆ. ಎಡಗಾಲು ನನ್ನದಲ್ಲ ಅನ್ನಿಸಿತು. ಮತ್ತೊಮ್ಮೆ ನೋಡಿದೆ. "ಆಗ್ತಿಲ್ಲ ಮರಿ."

"ಬೆಳಗ್ಗೆಯಿಂದ ನಾಲ್ಕು ಸಲ ಸತ್ತಿದೀಯ."

ನಾನು ಎರಡೂ ಕೈ ಊರಿ ಇನ್ನೊಮ್ಮೆ ಏಳಲು ಹೋಗಿ ಹಿಂದಕ್ಕೆ ಬಿದ್ದೆ. ಅದರಿಂದಲೇ ಅವಳಿಗೆ ಗೊತ್ತಾಯಿತು. ನನ್ನ ಪಕ್ಕದಲ್ಲಿ ಕೂತು ಮಂಡಿ ಮುಟ್ಟಿ ನೋಡಿದಳು. "ಬಿಸಿ ಇದೆ," ಎಂದಳು ಮೆಲ್ಲಗೆ.

ಅಷ್ಟರಲ್ಲಿ ಮುಂದಿನ ಸಾಲಿನ ಮೊದಲ ಟ್ರ್ಯಾಕ್ಟರ್ ನಮ್ಮ ಹತ್ತಿರ ಬಂದು ನಿಂತಿತು. ಬಾಗಿಲು ತೆರೆದು ಒಂದು ಕೆಂಪು ಮುಖ ಇಣುಕಿತು. ಖೇರ್ಟ್. ಹದಿನೆಂಟರ ವಯಸ್ಸಿನಲ್ಲಿ ರೂಲ್ಫ್‌ನ ಹತ್ತಿರ ಗೇರು ಹಾಕಲು ಕಲಿತವನು, ಈಗ ಅವನಿಗೇ ಐವತ್ತು.

"ಹಿಲ್ಲಿ? ನೀವಾ? ಒಣ ದಿನ ಹೊಲದ ದಾರೀಲಿ ಮಗೂನ ಕರ್ಕೊಂಡು ಬಂದಿದೀರಲ್ಲ! ರೂಲ್ಫ್ ಇದ್ದಿದ್ರೆ ನಿಮ್ಮನ್ನ ಹುಲ್ಲಿನ ಜೊತೆ ತುಂಬಿ ಕಳಿಸ್ತಿದ್ದ."

"ಬೈಯೋದು ಆಮೇಲೆ ಬೈಯಿ," ಎಂದೆ. ಹಲ್ಲಿಲ್ಲದ ಬಾಯಲ್ಲಿ ಅದು ಹೇಗೆ ಕೇಳಿಸಿತೋ. "ಕಾಲು ಕೈಕೊಟ್ಟಿದೆ. ಹಾರ್ಮ್ ಡೇರೆ ಹತ್ರ ಇದಾನೆ."

"ಫೋನ್ ಮಾಡ್ಲಾ? ನಂಬರ್ ಹೇಳಿ."

"ನಂಬರೂ ಬಿಸ್ಕತ್ತಿನ ಡಬ್ಬದಲ್ಲೇ ಇದೆ."

ಖೇರ್ಟ್ ಹಿಂದೆ ತಿರುಗಿ ನೋಡಿದ. ಆಗಲೇ ಹಿಂದೆ ಮೂರು ಗಾಡಿ ನಿಂತಿದ್ದವು. "ನಾಡಿದ್ದು ಮತ್ತೆ ಮಳೆ ಅಂತೆ, ನನಗೆ ನಿಲ್ಲೋಕಾಗಲ್ಲ. ನಿಮಗೆ ಈ ಮೆಟ್ಟಿಲು ಹತ್ತೋಕಾಗಲ್ಲ. ಹುಡುಗಿ ಹತ್ಲಿ. ನನ್ನ ಪಕ್ಕ ಒಂದು ಸೀಟಿದೆ. ಐದೇ ನಿಮಿಷ, ಅಪ್ಪನ ಹತ್ರ ಬಿಡ್ತೀನಿ. ಸೈಕಲ್ ಇಲ್ಲೇ ಇರ್ಲಿ."

ಫೆನ್ನಾ ಆ ಮೆಟ್ಟಿಲನ್ನು ನೋಡಿದಳು. ಹುಲ್ಲಿನಲ್ಲಿ ಬಿದ್ದಿದ್ದ ಸೈಕಲ್ಲನ್ನು ನೋಡಿದಳು. ನನ್ನನ್ನು ನೋಡಿದಳು.

"ನೀನೇ ಹೇಳು ಓಮಾ."

ನನಗೆ ಹೇಳುವ ಆಸೆ ಎಷ್ಟಿತ್ತು ಗೊತ್ತೇ? ಗಂಟಲಿನ ತನಕ ಬಂದಿತ್ತು. ಆದರೆ ಆ ದಿನ ನಾನು ಹೇಳಿದ ದಾರಿಯ ಗತಿ ನೋಡಿದ್ದೆನಲ್ಲ.

"ನಾನು ಹೇಳಲ್ಲ," ಎಂದೆ. "ಅವನ ಜೊತೆ ಹೋದ್ರೂ ಸರಿ. ನಾನು ಬೈಯಲ್ಲ, ನಗಲ್ಲ, ಯಾರಿಗೂ ಹೇಳಲ್ಲ."

"ಕೊನೇದು ಸುಳ್ಳು," ಎಂದಳು ಫೆನ್ನಾ.

"ಕೊನೇದು ಸುಳ್ಳೇ. ಮೊದಲೆರಡು ನಿಜ."

ನಾನು ಹುಲ್ಲಿನ ಮೇಲೆ ಮಲಗಿ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡೆ. ನನ್ನ ಕಣ್ಣು ಅವಳ ಮೇಲಿದ್ದರೆ ಅವಳು ನನಗೋಸ್ಕರ ಏನಾದರೂ ಮಾಡಿಬಿಡುತ್ತಾಳೆ. ಅದು ಬೇಡವಾಗಿತ್ತು. ಜೊತೆಗೆ, ನಿಜ ಹೇಳಬೇಕೆಂದರೆ, ಮಲಗಬೇಕು ಅನ್ನಿಸಿತ್ತು. ಆರು ವರ್ಷದಿಂದ ಅನ್ನಿಸುತ್ತಿತ್ತು.

ಟೋಪಿಯ ಒಳಗೆ ಕತ್ತಲೆ, ಕೊಯ್ದ ಹುಲ್ಲಿನ ವಾಸನೆ. ಮೊದಲು ಯಾರೋ ಖೇರ್ಟ್‌ನೊಡನೆ ಏನೋ ಪಿಸುಗುಟ್ಟಿದರು. ಅವನು ನಗಲಿಲ್ಲ. "ಆಗ್ಲಿ," ಎಂದ. ಟ್ರ್ಯಾಕ್ಟರಿನ ಬಾಗಿಲು ಧಡ್ ಎಂದು ಮುಚ್ಚಿತು. ಯಾರು ಒಳಗೆ, ಯಾರು ಹೊರಗೆ? ಎಂಜಿನ್ನಿನ ಸದ್ದಿನಲ್ಲಿ ಮತ್ತೇನೂ ಕೇಳಿಸಲಿಲ್ಲ.

ಈಗ ಶುರುವಿನಲ್ಲಿ ಹೇಳಿದ ಕಿವಿಯ ಮಾತಿಗೆ ಬನ್ನಿ. ಪಾದ್ರಿಯ ಕಾರು, ಅಂಚೆಯ ವ್ಯಾನು, ಡ್ರೈವರನ ಹೆಂಡತಿ, ಅದೆಲ್ಲ ಸುಳ್ಳು. ಆದರೆ ನಲವತ್ತೊಂದು ವರ್ಷ ಒಬ್ಬನ ಟ್ರ್ಯಾಕ್ಟರ್ ಮನೆಗೆ ಬರುವುದನ್ನು ಕಾದವಳಿಗೆ ಟ್ರ್ಯಾಕ್ಟರಿನ ಗೇರು ಗೊತ್ತಾಗುತ್ತದೆ, ಅದು ನಿಜ. ಖೇರ್ಟ್ ಒಂದನೇ ಗೇರಿನಲ್ಲಿ ಹೊರಟ. ಎರಡಕ್ಕೆ ಹಾಕುತ್ತಾನೆ ಎಂದು ಕಾದೆ. ಹಾಕಲಿಲ್ಲ. ಹುಲ್ಲು ತುಂಬುವವನು, ನಾಡಿದ್ದು ಮಳೆ ಎಂದು ಗಡಿಬಿಡಿಯಲ್ಲಿರುವವನು, ಐದು ನಿಮಿಷದ ದಾರಿಯನ್ನು ಹೆಣದ ಗಾಡಿಯಂತೆ ಒಂದನೇ ಗೇರಿನಲ್ಲಿ ತೆವಳಿಕೊಂಡು ಹೋದ. ಹಿಂದಿನವನೂ ಒಂದನೇ ಗೇರು. ಅವನ ಹಿಂದಿನವನೂ. ಅವನ ಹಿಂದಿನವನೂ. ಡ್ರೆಂಥೆಯ ಹುಲ್ಲೆಲ್ಲ ಬಿಸಿಲಿನಲ್ಲಿ ಕಾಯುತ್ತಿರುವಾಗ ನಾಲ್ಕು ದೊಡ್ಡ ಟ್ರ್ಯಾಕ್ಟರುಗಳು ಸಾಲಾಗಿ, ಒಂದು ಹಾರ್ನೂ ಹೊಡೆಯದೆ, ಮೆಲ್ಲಗೆ, ಮೆಲ್ಲಗೆ ಆ ನೆರಳಿನ ದಾರಿಯಲ್ಲಿ ಸಾಗಿದವು. ಸದ್ದು ಕಡಿಮೆಯಾಗಲು ಎಷ್ಟು ಹೊತ್ತು ಹಿಡಿಯಿತೆಂದರೆ, ನಾನು ಟೋಪಿಯ ಒಳಗೆ ನೂರಾರು ಸಲ ಉಸಿರಾಡಿದೆ.

ನಾನು ಟೋಪಿ ತೆಗೆಯಲಿಲ್ಲ. ಸೈಕಲ್ ಅಲ್ಲಿ ಬಿದ್ದಿತ್ತೋ ಇಲ್ಲವೋ ನೋಡಲೂ ಇಲ್ಲ.

ಇಗೋ, ಕಾಫಿ ಮುಗಿಯಿತು. ಇಲ್ಲಿ ನೋಡಿ, ನನ್ನ ಹಲ್ಲು ಬಾಯಲ್ಲೇ ಇದೆ, ಮೇಲಿನದೂ ಕೆಳಗಿನದೂ. ಯಾರೋ ತಂದುಕೊಟ್ಟಿರಬೇಕು ತಾನೇ? ಈಗ ನೀವು ಹೇಳಿ, ಬಿಗಿ ಚಡ್ಡಿಯವರೇ. ಅಷ್ಟು ಅವಸರದಲ್ಲಿದ್ದ ಖೇರ್ಟ್ ಎರಡನೇ ಗೇರು ಯಾಕೆ ಹಾಕಲಿಲ್ಲ? ಅವನ ಮುಂದೆ ಏನು ಹೋಗುತ್ತಿತ್ತು?